ಮಳೆಗಾಲ ಬಂದಮೇಲೆ ನಮ್ಮ ಬಾಲ್ ಪೈಥಾನ್ ಕೈಯಲ್ಲಿ ಅಲುಗಾಡುವುದೇ ಇಲ್ಲ. ಪಳಗಿತು ಅಂತ ತಿಳಿಯಬಹುದಾ?

ಮಹಡಿಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ, ಅಂದರೆ ಆಫ್ರಿಕಾದ ಒಂದು ಜಾತಿಯ ಸಣ್ಣ ಹೆಬ್ಬಾವು. ಗಂಡು, ಮೂರಡಿಗೆ ಸ್ವಲ್ಪ ಕಡಿಮೆ. ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ, ಹಾಗಾಗಿ ಆ ಚರ್ಚೆ ಬೇಡ. ನನ್ನ ಪ್ರಶ್ನೆಯೇ ಬೇರೆ.

ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಎತ್ತಿಕೊಂಡರೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಬಲಗೈಗೆ, ಅಲ್ಲಿಂದ ಮೊಣಕೈಗೆ ಹರಿಯುತ್ತಲೇ ಇರುತ್ತಿತ್ತು. ತಲೆ ಹತ್ತಿರ ಬೆರಳು ಹೋದರೆ ಚಕ್ಕನೆ ಹಿಂದೆ ಎಳೆದುಕೊಳ್ಳುತ್ತಿತ್ತು. ಆಗಾಗ ಬುಸುಗುಟ್ಟುತ್ತಿತ್ತು. ಮಳೆ ಹಿಡಿದ ಮೇಲೆ ಪೂರ್ತಿ ಬದಲಾಗಿದೆ. ಎತ್ತಿಕೊಂಡರೆ ಮಣಿಕಟ್ಟಿಗೆ ಸುತ್ತಿಕೊಂಡು ಸುಮ್ನೆ ಇರುತ್ತದೆ. ಸ್ವೆಟರ್ ಹಾಕಿದ್ದರೆ ತೋಳಿನೊಳಗೆ ತಲೆ ತೂರಿಸಿ ಅಲ್ಲೇ ಕೂತುಬಿಡುತ್ತದೆ. ಹೊರಗೆ ತೆಗೆಯಲು ಹೋದರೆ ಇನ್ನೂ ಒಳಕ್ಕೆ ಸರಿಯುತ್ತದೆ. ಮನೆಯವರೆಲ್ಲ "ನಿನ್ನ ಕಂಡರೆ ಅದಕ್ಕೆ ಎಷ್ಟು ಪ್ರೀತಿ ನೋಡು" ಎನ್ನುತ್ತಿದ್ದಾರೆ.

ಆದರೆ ಮೊನ್ನೆ ಸಂಜೆ ನೀರಿನ ಬಟ್ಟಲು ತೆಗೆಯಲು ಪೆಟ್ಟಿಗೆಯೊಳಗೆ ಕೈ ಹಾಕಿದಾಗ ಹೊಡೆಯಿತು. ಕಚ್ಚಿತು, ತಕ್ಷಣ ಬಿಟ್ಟಿತು. ಸಣ್ಣ ಗೀರು, ಎರಡು ಹನಿ ರಕ್ತ, ಅಷ್ಟೇ. ಇಷ್ಟು ಸಾಧುವಾದ ಹಾವು ಹೀಗೆ ಯಾಕೆ ಮಾಡಿತು?

ತುಂಗಾ ತೀರ

ನಮ್ಮ ತೋಟದಲ್ಲಿ ಬಿಟ್ಟಿ ಹಾವುಗಳು ಬೇಕಾದಷ್ಟಿವೆ ಮಾರಾಯ್ರೆ. ಆಫ್ರಿಕಾದಿಂದ ದುಡ್ಡು ಕೊಟ್ಟು ತರಿಸಿ ಕಚ್ಚಿಸಿಕೊಳ್ಳಬೇಕಾ? ಹಾವಿಗೆ ಹಾಲೆರೆಯುವುದು ಎಂದರೆ ಇದೇ ಇರಬೇಕು.

ತಮಾಷೆಗೆ ಹೇಳಿದೆ. ಉತ್ತರ ನನಗೂ ಬೇಕು.

ಕೊಪ್ಪದ ಕಾಫಿ

ಉತ್ತರ ಹೇಳುವ ಮೊದಲು ಕೆಲವು ವಿಷಯ ತಿಳಿಯಬೇಕು. ಪೆಟ್ಟಿಗೆಯ ಬಿಸಿ ಬದಿಯಲ್ಲಿ, ಹಾವು ಮಲಗುವ ಜಾಗದ ಮೇಲೆಯೇ ಅಳೆದರೆ ಉಷ್ಣತೆ ಎಷ್ಟು ಬರುತ್ತದೆ? ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ನ ಸೆನ್ಸರ್ ಎಲ್ಲಿ ಇಟ್ಟಿದ್ದೀರಿ? ಇತ್ತೀಚೆಗೆ ಊಟ ಮಾಡಿದೆಯಾ? ಕಣ್ಣು ಮಬ್ಬಾಗಿದೆಯಾ? ಕೈ ಹಾಕಿದ್ದು ಮೇಲಿನಿಂದಲೋ ಪಕ್ಕದಿಂದಲೋ? ಕೈಗೆ ಮೀನು, ಕೋಳಿ ವಾಸನೆ ಇತ್ತಾ?

ಮಹಡಿಮನೆ, ಶಿವಮೊಗ್ಗ

ಕೋಣೆಯ ಗೋಡೆಯಲ್ಲಿರುವ ಥರ್ಮಾಮೀಟರ್ 23 ಡಿಗ್ರಿ ತೋರಿಸುತ್ತಿದೆ. ಪೆಟ್ಟಿಗೆಯ ಒಂದು ಬದಿಗೆ ಕೆಳಗೆ ಹೀಟ್ ಮ್ಯಾಟ್ ಇದೆ. ಥರ್ಮೋಸ್ಟಾಟ್ 32ಕ್ಕೆ ಸೆಟ್ ಆಗಿದೆ. ಸೆನ್ಸರ್ ಮ್ಯಾಟ್‌ಗೂ ಪೆಟ್ಟಿಗೆಯ ತಳಕ್ಕೂ ನಡುವೆ ಇದೆ. ಒಳಗೆ ತೆಂಗಿನ ನಾರಿನ ಪುಡಿ ಹಾಸಿದ್ದೇವೆ, ಮಳೆಗಾಲ ಅಂತ ದಪ್ಪಗೇ ಹಾಸಿದ್ದು. ಹಾವು ಮಲಗುವ ಜಾಗದಲ್ಲಿ ಬೇರೆಯಾಗಿ ಅಳೆದಿಲ್ಲ. ಕರೆಂಟು ನಿಮಗೆ ಗೊತ್ತಲ್ಲ, ಗಾಳಿ ಬೀಸಿದರೆ ಹೋಗುತ್ತದೆ.

ಊಟ ಬಿಟ್ಟಿದೆ. ಇಲಿ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಕಣ್ಣು ಸ್ವಚ್ಛ ಇದೆ. ಕೈ ಸೋಪಿನಲ್ಲಿ ತೊಳೆದಿತ್ತು. ಹೌದು, ಕೈ ಹಾಕಿದ್ದು ಮೇಲಿನಿಂದ. ಅದು ಮಡಕೆ ಚೂರಿನ ಕೆಳಗೆ ತಲೆ ಮಾತ್ರ ಹೊರಗಿಟ್ಟು ಕೂತಿತ್ತು.

ಕೊಪ್ಪದ ಕಾಫಿ

ಹಾಗಾದರೆ ನಿಮ್ಮ ಹಾವು ಪಳಗಿಲ್ಲ. ಅದಕ್ಕೆ ಚಳಿ ಆಗಿದೆ.

ಹಾವಿನ ಮೈ ತನ್ನಷ್ಟಕ್ಕೆ ತಾನು ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನ ಶಾಖವೇ ಅದರ ಶಾಖ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಲ್ಲಿ ಇಲಿ ಬಿಲ, ಗೆದ್ದಲು ಹುತ್ತಗಳಲ್ಲಿ ಹಗಲು ಕಳೆದು ರಾತ್ರಿ ಹೊರಗೆ ಬರುತ್ತದೆ. ಅದಕ್ಕೆ ಬಿಸಿ ಬದಿಯಲ್ಲಿ 31ರಿಂದ 33 ಡಿಗ್ರಿ, ತಂಪು ಬದಿಯಲ್ಲಿ 25ರಿಂದ 27 ಬೇಕು. ನಿಮ್ಮ ಸೆನ್ಸರ್ 32 ಎಂದು ಹೇಳುತ್ತಿರುವುದು ಮ್ಯಾಟ್‌ನ ಉಷ್ಣತೆ. ಅದರ ಮೇಲೆ ತಳ, ತಳದ ಮೇಲೆ ದಪ್ಪನೆಯ ನಾರಿನ ಪುಡಿ. ನಾರಿನ ಪುಡಿ ಶಾಖವನ್ನು ಮೇಲೆ ಬಿಡುವುದಿಲ್ಲ. ಕೋಣೆಯೇ 23 ಇರುವಾಗ ಹಾವಿನ ಹೊಟ್ಟೆಗೆ ತಾಗುವ ಶಾಖ ತುಂಬಾ ಕಡಿಮೆ ಇರುತ್ತದೆ. ಇವತ್ತೇ ಅಳೆಯಿರಿ.

ಈಗ ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ ನೋಡಿ. ಮೇ ತಿಂಗಳಲ್ಲಿ ಶಿವಮೊಗ್ಗದ ಸೆಕೆಗೆ ಅದರ ಮೈ ಕಾದಿತ್ತು, ಸ್ನಾಯು ಚುರುಕಾಗಿತ್ತು, ಹರಿದಾಡುತ್ತಿತ್ತು. ಈಗ ತಣ್ಣಗಾಗಿದೆ, ಸ್ನಾಯು ನಿಧಾನವಾಗಿದೆ, ಸುಮ್ನೆ ಇರುತ್ತದೆ. ಊಟ ಬಿಟ್ಟಿದೆ, ಯಾಕೆಂದರೆ ತಣ್ಣಗಿನ ಮೈಯಲ್ಲಿ ಜೀರ್ಣ ಆಗುವುದಿಲ್ಲ. ಸ್ವೆಟರ್ ತೋಳಿನೊಳಗೆ ನುಗ್ಗುತ್ತದೆ, ಯಾಕೆಂದರೆ ಇಡೀ ಕೋಣೆಯಲ್ಲಿ ಬೆಚ್ಚಗೆ ಕತ್ತಲಾಗಿ ಇರುವ ಜಾಗ ಅದೊಂದೇ. ಬಾಲ್ ಪೈಥಾನ್‌ನ ತುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಗುಳಿಗಳಿವೆ. ನಿಮ್ಮ ತೋಳು ಎಲ್ಲಿ ಬೆಚ್ಚಗಿದೆ ಎಂದು ನಿಮಗಿಂತ ಚೆನ್ನಾಗಿ ಅದಕ್ಕೆ ಗೊತ್ತು.

ಹೊಡೆದದ್ದೂ ಇದಕ್ಕೆ ಹೊಂದುತ್ತದೆ. ಊಟ ಎಂದುಕೊಂಡಿದ್ದರೆ ಕಚ್ಚಿ ಹಿಡಿದು ಸುತ್ತಿಕೊಳ್ಳುತ್ತಿತ್ತು, ಬಿಡುತ್ತಿರಲಿಲ್ಲ. ಕಚ್ಚಿ ತಕ್ಷಣ ಬಿಟ್ಟಿದ್ದು ಹೆದರಿಕೆಯಿಂದ. ಅದು ಅಡಗಿಕೊಂಡ ಜಾಗದ ಬಾಯಿಗೇ ಮೇಲಿನಿಂದ ಒಂದು ದೊಡ್ಡ ಬೆಚ್ಚನೆಯ ವಸ್ತು ಇಳಿಯಿತು. ಓಡಲು ಮೈಯಲ್ಲಿ ಬಲ ಇಲ್ಲ. ಹೊಡೆಯಿತು.

ಪಶುವೈದ್ಯಕೀಯ, ಕೊನೆಯ ವರ್ಷ

ಮೇಲಿನ ಮಾತು ಸರಿ. ನಾನು ಒಂದೆರಡು ಸೇರಿಸುತ್ತೇನೆ, ಏಕೆಂದರೆ ಇದು ಬರೀ ಸ್ವಭಾವದ ವಿಷಯ ಅಲ್ಲ.

ಪೆಟ್ಟಿಗೆ ಸರಿಯಾಗುವವರೆಗೆ ಊಟ ಕೊಡಬೇಡಿ. ತಣ್ಣಗಿರುವ ಹಾವು ತಿಂದರೂ ಜೀರ್ಣವಾಗದೆ ವಾಂತಿ ಮಾಡಬಹುದು. ಅದು ಹಾವಿಗೆ ತುಂಬಾ ಸುಸ್ತು.

ಉಸಿರನ್ನು ಗಮನಿಸಿ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆ ಮಾತ್ರ ಇದೆ. ಹಾಗಾಗಿ ಮುಖ ನೋಡಿ ಎಚ್ಚರವೋ ನಿದ್ದೆಯೋ ಹೇಳಲು ಆಗುವುದಿಲ್ಲ. ಆದರೆ ಪಕ್ಕೆಲುಬು ಹೇಳುತ್ತದೆ. ಕುತ್ತಿಗೆಯಿಂದ ಸ್ವಲ್ಪ ಹಿಂದೆ ಪಕ್ಕೆ ನಿಧಾನವಾಗಿ ಏರಿ ಇಳಿಯುತ್ತಿದ್ದರೆ ಸರಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆ ಅಥವಾ ಗೊರಗೊರ ಶಬ್ದ, ತಲೆಯನ್ನು ಯಾವಾಗಲೂ ಮೇಲಕ್ಕೆ ಎತ್ತಿ ಇಡುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಶ್ವಾಸಕೋಶದ ಸೋಂಕು ಇರಬಹುದು. ತಡ ಮಾಡದೆ ವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹಾವು ಎಂದು ಸಂಕೋಚ ಪಡಬೇಡಿ.

ಇನ್ನೊಂದು. ಇಂಟರ್ನೆಟ್‌ನಲ್ಲಿ ಓದಿ ದಿನಾ ನೀರು ಸಿಂಪಡಿಸುತ್ತಿದ್ದರೆ ನಿಲ್ಲಿಸಿ. ಆ ಬರಹಗಳು ಚಳಿದೇಶದ ಹೀಟರ್ ಹಾಕಿದ ಒಣ ಮನೆಗಳಿಗೆ. ಈ ಹಾವಿಗೆ ಸುಮಾರು 60 ಶೇಕಡಾ ತೇವ ಸಾಕು. ನಮ್ಮ ಕಡೆ ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ಕರಗುತ್ತದೆ, ಇನ್ನು ಪೆಟ್ಟಿಗೆಗೆ ನೀರು ಯಾಕೆ? ಚಳಿಯ ಜೊತೆ ಒದ್ದೆ ಸೇರಿದರೆ ಹೊಟ್ಟೆಯ ಚಿಪ್ಪೂ ಕೊಳೆಯುತ್ತದೆ.

ಹೊಸನಗರ ಮಳೆ

ನನಗೆ ಒಂದು ಅನುಮಾನ. ಸುಮ್ನೆ ಇದ್ದರೆ ಚಳಿ ಎನ್ನುತ್ತೀರಿ, ಓಡಾಡಿದರೆ ಗಾಬರಿ ಎನ್ನುತ್ತೀರಿ. ಹಾಗಾದರೆ ನೆಮ್ಮದಿಯಾಗಿರುವ ಹಾವು ಕೈಯಲ್ಲಿ ಹೇಗಿರುತ್ತದೆ? ಅದನ್ನು ಯಾರೂ ಹೇಳುವುದೇ ಇಲ್ಲವಲ್ಲ.

ಕೊಪ್ಪದ ಕಾಫಿ

ಒಳ್ಳೆಯ ಪ್ರಶ್ನೆ. ನೋಡುವುದಕ್ಕಿಂತ ಕೈಗೆ ತಿಳಿಯುವುದೇ ಜಾಸ್ತಿ, ಹಾಗಾಗಿ ಬರೆಯುವುದು ಕಷ್ಟ. ಆದರೂ ಹೇಳುತ್ತೇನೆ.

ನೆಮ್ಮದಿಯಾಗಿರುವ ಬಾಲ್ ಪೈಥಾನ್‌ಗೆ ಕೈಯಲ್ಲಿ ಒಂದು ಭಾರ ಇರುತ್ತದೆ. ಮೈ ಸಡಿಲವಾಗಿ ನಿಮ್ಮ ಅಂಗೈ ಮೇಲೆ ಒರಗುತ್ತದೆ. ಬಾಲ ಬೆರಳಿಗೆ ಸುತ್ತಿರುತ್ತದೆ, ಆದರೆ ಬೀಳದೆ ಇರಲು ಬೇಕಾದಷ್ಟು ಮಾತ್ರ. ಹಿಂಡುವುದಿಲ್ಲ. ಅದು ಚಲಿಸುತ್ತದೆ, ಆದರೆ ಒಂದೇ ಹದದಲ್ಲಿ. ಸ್ವಲ್ಪ ಮುಂದೆ ಹೋಗುತ್ತದೆ, ನಿಲ್ಲುತ್ತದೆ, ನಾಲಿಗೆ ಹೊರಗೆ ಹಾಕಿ ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತದೆ, ಮತ್ತೆ ಹೋಗುತ್ತದೆ. ನಾಲಿಗೆ ಎಂದರೆ ಅದರ ಮೂಗು. ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಹಿಡಿದು ಬಾಯಿಯ ಮೇಲ್ಭಾಗದಲ್ಲಿರುವ ಅಂಗಕ್ಕೆ ಮುಟ್ಟಿಸುತ್ತದೆ. ತುದಿ ಎರಡಾಗಿ ಸೀಳಿರುವುದರಿಂದ ವಾಸನೆ ಎಡದಿಂದಲೋ ಬಲದಿಂದಲೋ ಎಂದೂ ತಿಳಿಯುತ್ತದೆ. ನಾಲಿಗೆ ಆಡುತ್ತಿದೆ ಎಂದರೆ ಹಾವು ಸುತ್ತಮುತ್ತ ಏನಿದೆ ಎಂದು ಕೇಳುತ್ತಿದೆ.

ಗಾಬರಿಯಾದ ಹಾವು ಎರಡು ರೀತಿ ಮಾಡುತ್ತದೆ. ಒಂದು, ನಿಲ್ಲದೆ ಓಡುವುದು. ನಿಮ್ಮ ಕೈ ಬೆರಳು ತೋಳು ಯಾವುದೂ ಅದಕ್ಕೆ ಬೇಡ, ಅಂಚು ಸಿಕ್ಕರೆ ಸಾಕು. ಮೇ ತಿಂಗಳಲ್ಲಿ ನೀವು ಕಂಡದ್ದರಲ್ಲಿ ಇದು ಸ್ವಲ್ಪ ಇತ್ತು ಎಂದು ನನ್ನ ಅನಿಸಿಕೆ. ಎರಡನೆಯದು, ಹೆಪ್ಪುಗಟ್ಟಿ ನಿಲ್ಲುವುದು. ನಾಲಿಗೆ ಒಳಗೆ. ಮೈ ಬಿಗಿ. ತಲೆ ಸುರುಳಿಯ ನಡುವೆ. ಹೆಚ್ಚಾದರೆ ಪೂರ್ತಿ ಚೆಂಡಾಗುತ್ತದೆ, ಆ ಹೆಸರು ಬಂದದ್ದೇ ಹಾಗೆ. ಫೋಟೋದಲ್ಲಿ ಇದು ತುಂಬಾ ಮುದ್ದಾಗಿ ಕಾಣುತ್ತದೆ. ಅಂಗೈಯಲ್ಲಿ ಚೆಂಡಾಗಿ ಕೂತ ಹಾವಿನ ಫೋಟೋ ಹಾಕಿ "ನಿದ್ದೆ ಮಾಡ್ತಿದೆ" ಎಂದು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಚಳಿಯಾದ ಹಾವು ಈ ಮೂರರಲ್ಲೂ ಸೇರುವುದಿಲ್ಲ. ಮೈ ಬಿಗಿಯೂ ಇಲ್ಲ, ಸಡಿಲವೂ ಇಲ್ಲ, ಮಂದ. ಮುಟ್ಟಿದರೆ ತಣ್ಣಗೆ. ಬೆರಳಿಂದ ಬಾಲ ಬಿಡಿಸಿದರೆ ಮತ್ತೆ ಸುತ್ತಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ನಾಲಿಗೆ ಅಪರೂಪಕ್ಕೆ ಒಮ್ಮೆ.

ಕುತ್ತಿಗೆ ಇಂಗ್ಲಿಷಿನ ಎಸ್ ಆಕಾರಕ್ಕೆ ಬಂದು ತಲೆ ನಿಮ್ಮ ಕಡೆಗೇ ನೆಟ್ಟಿದ್ದರೆ ಅವತ್ತಿಗೆ ಬಿಡಿ. ಅದಕ್ಕಿಂತ ಸ್ಪಷ್ಟವಾಗಿ ಹಾವು ಹೇಳಲು ಸಾಧ್ಯವಿಲ್ಲ.

ತೀರ್ಥಹಳ್ಳಿ ಕಡೆಯವ

ನಾನು ಹಾವು ಸಾಕುವವನಲ್ಲ. ಮನೆಗೆ ಬಂದ ಹಾವನ್ನು ಹಿಡಿದು ಅರಣ್ಯ ಇಲಾಖೆಯವರ ಜೊತೆ ಬಿಡುವವನು. ಇಲ್ಲಿ ಓದಿದ್ದನ್ನು ಯಾರಾದರೂ ಗದ್ದೆ ಬದಿಯ ಹಾವಿಗೆ ಅನ್ವಯ ಮಾಡುತ್ತಾರೋ ಎಂಬ ಭಯದಿಂದ ಬರೆಯುತ್ತಿದ್ದೇನೆ.

ನಮ್ಮ ಕಾಡಿನಲ್ಲಿ ಅಲುಗಾಡದ ಹಾವೇ ಹೆಚ್ಚು ಅಪಾಯ. ಮಲಬಾರ್ ಗುಳಿಮಂಡಲ ಒಂದೇ ಕೊಂಬೆಯ ಮೇಲೆ ದಿನಗಟ್ಟಲೆ ಕೂತಿರುತ್ತದೆ. ಹಸಿರು, ಕಂದು, ಹಳದಿ, ಯಾವ ಬಣ್ಣದಲ್ಲಾದರೂ ಇರಬಹುದು. ಏಲಕ್ಕಿ ಕೊಯ್ಯುವವರು, ಕಾಫಿ ಗಿಡ ಸವರುವವರು ಅದರ ಪಕ್ಕದಲ್ಲೇ ಕೈ ಇಟ್ಟಿರುತ್ತಾರೆ. ಅದು ಸುಮ್ನೆ ಇರುವುದು ಸಾಧು ಎಂದಲ್ಲ, ಅದರ ಬೇಟೆಯ ಕ್ರಮವೇ ಅದು.

ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ಎತ್ತಿಕೊಂಡವರಿದ್ದಾರೆ. ಬಾಲ್ ಪೈಥಾನ್ ವಿಡಿಯೋ ನೋಡಿದ ಹುಡುಗರಿಗೆ ಈ ಗೊಂದಲ ಇನ್ನೂ ಜಾಸ್ತಿ. ಕೊಳಕುಮಂಡಲದ ಬೆನ್ನಿನ ಉದ್ದಕ್ಕೂ ಸರಪಳಿ ಕೊಂಡಿಗಳಂತೆ ಅಂಡಾಕಾರದ ಮಚ್ಚೆಗಳ ಮೂರು ಸಾಲು ಇರುತ್ತವೆ. ಹೆಬ್ಬಾವಿನ ಮಚ್ಚೆಗೆ ಹೀಗೆ ಲೆಕ್ಕಾಚಾರದ ಆಕಾರ ಇರುವುದಿಲ್ಲ. ಕೆಣಕಿದರೆ ಕೊಳಕುಮಂಡಲ ಕುಕ್ಕರ್ ಕೂಗುವ ಮುಂಚೆ ಉಗಿ ಬಿಡುವ ಹಾಗೆ ಉದ್ದಕ್ಕೆ ಬುಸುಗುಟ್ಟುತ್ತದೆ. ಆದರೆ ಆಕಾರ ನೋಡಿ ಗುರುತಿಸುವಷ್ಟು ಹತ್ತಿರ ಹೋಗುವ ಅಗತ್ಯವೇ ಇಲ್ಲ. ದೂರ ನಿಲ್ಲಿ, ಕರೆ ಮಾಡಿ.

ಬೆಳಗಿನ ಚಳಿಗೆ ಅಂಗಳದಲ್ಲಿ ಮಂಕಾಗಿ ಬಿದ್ದಿರುವ ಹಾವನ್ನು ಕಂಡರೂ ಇದೇ ಮಾತು. ಬಿಸಿಲು ಬಿದ್ದ ಮೇಲೆ ಅದು ಬೇರೆಯೇ ಹಾವು.

ತುಂಗಾ ತೀರ

ನಮ್ಮ ಕಡೆ ಕೇರೆ ಹಾವನ್ನು ಯಾರೂ ಹೊಡೆಯುವುದಿಲ್ಲ. ಇಲಿ ತಿನ್ನುತ್ತದೆ, ಗದ್ದೆಗೆ ಒಳ್ಳೆಯದು. ವಿಷವೂ ಇಲ್ಲ. ಅದನ್ನಾದರೂ ಸಾಕಬಹುದಲ್ಲ? ಹೇಗೂ ಅಡಿಕೆ ಕೊಟ್ಟಿಗೆಯಲ್ಲಿ ಇದ್ದೇ ಇದೆ.

ತೀರ್ಥಹಳ್ಳಿ ಕಡೆಯವ

ಕೊಟ್ಟಿಗೆಯಲ್ಲಿ ಅದರ ಪಾಡಿಗೆ ಅದು ಇರಲಿ. ಹಿಡಿದು ಪೆಟ್ಟಿಗೆಯಲ್ಲಿ ಇಟ್ಟರೆ ಕೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಕೇರೆ, ನಾಗರ, ಹೆಬ್ಬಾವು, ಮಣ್ಣುಮುಕ್ಕ ಯಾವುದೂ ಇಲ್ಲ. ಮಣ್ಣುಮುಕ್ಕಕ್ಕೆ ಎರಡು ತಲೆ, ಲಕ್ಷಗಟ್ಟಲೆ ಬೆಲೆ ಎಂದು ಹೇಳುವವರು ಮೋಸಗಾರರು, ಅಷ್ಟೇ. ವಿದೇಶದ ಜಾತಿಗೆ ಬೇರೆ ದಾರಿ ಇದೆ. ಬಾಲ್ ಪೈಥಾನ್ ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ, ಆಮೇಲೆ 2024ರ ಫೆಬ್ರವರಿಯ ನಿಯಮ ಬಂದ ಮೇಲೆ ಇಂಥವನ್ನು ಸಾಕುವವರು ಪರಿವೇಶ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿ ಹಾಕಿದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ ಅದನ್ನೂ ತಿಳಿಸಬೇಕು. ಮಹಡಿಮನೆಯವರು ಮಾಡಿಸಿದ್ದಾರೆ, ಸಂತೋಷ. ಓದುವ ಉಳಿದವರಿಗೆ ಹೇಳಿದೆ.

ಕೇರೆಯ ಸ್ವಭಾವವೂ ಕೈಗೆ ಆಗುವಂಥದ್ದಲ್ಲ ಬಿಡಿ. ಮೂಲೆಗೆ ಸಿಕ್ಕಿಸಿದರೆ ಕುತ್ತಿಗೆ ಉಬ್ಬಿಸಿ ಗುರುಗುಟ್ಟಿ ಮೇಲಿಂದ ಮೇಲೆ ಹೊಡೆಯುತ್ತದೆ.

ಸಾಗರದ ಸೊಸೆ

ಹಾವಿಗೆ ಸಾಕಿದವರ ಗುರುತು ಸಿಗುತ್ತದಾ? ನನ್ನ ತಮ್ಮ ಬೆಂಗಳೂರಿನಲ್ಲಿ ಕಾರ್ನ್ ಸ್ನೇಕ್ ಸಾಕಿದ್ದಾನೆ. "ನನ್ನ ದನಿ ಕೇಳಿದರೆ ಹೊರಗೆ ಬರುತ್ತದೆ" ಎಂದು ಪ್ರಮಾಣ ಮಾಡುತ್ತಾನೆ.

ಪಶುವೈದ್ಯಕೀಯ, ಕೊನೆಯ ವರ್ಷ

ಹಾವಿಗೆ ಹೊರಕಿವಿ ಇಲ್ಲ, ಕಿವಿಯ ತಮಟೆ ಇಲ್ಲ. ಆದರೆ ಒಳಕಿವಿ ಇದೆ, ಅದು ದವಡೆಯ ಮೂಳೆಗೆ ಕೂಡಿಕೊಂಡಿದೆ. ನೆಲದ ಅದುರು ದವಡೆಯ ಮೂಲಕ ಚೆನ್ನಾಗಿ ತಿಳಿಯುತ್ತದೆ. ಗಾಳಿಯಲ್ಲಿ ಬರುವ ಕೆಳ ಶ್ರುತಿಯ ಸದ್ದೂ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ನಿಮ್ಮ ತಮ್ಮ ಕೋಣೆಗೆ ಬಂದದ್ದು ಹೆಜ್ಜೆಯ ಅದುರಿನಿಂದ ತಿಳಿದಿರುತ್ತದೆ. ಆಮೇಲೆ ವಾಸನೆಯಿಂದ. ಆ ಹೆಜ್ಜೆ, ಆ ವಾಸನೆ ಬಂದಾಗ ಊಟ ಬರುತ್ತದೆ ಎಂದು ಕಲಿತಿರುತ್ತದೆ. ಹೊರಗೆ ಬರುವುದು ಅದಕ್ಕೆ.

ಕೊಪ್ಪದ ಕಾಫಿ

ಅಷ್ಟು ಒಣದಾಗಿ ಹೇಳಬೇಕಾಗಿಲ್ಲ ಅನಿಸುತ್ತದೆ. ಪರಿಚಯದ ವಾಸನೆಯ ಕೈಯಲ್ಲಿ ಬೇಗ ಸಡಿಲಾಗುವುದು, ಹೊಸಬರ ಕೈಗೆ ಹೋದ ತಕ್ಷಣ ಬಿಗಿಯಾಗುವುದು ನಾನೇ ನೋಡಿದ್ದೇನೆ. ಅದನ್ನು ಪ್ರೀತಿ ಎನ್ನಲಾರೆ. ಆದರೆ ಈ ಕೈಯಿಂದ ಅಪಾಯ ಇಲ್ಲ ಎಂದು ಒಂದು ಪ್ರಾಣಿ ನೆನಪಿಟ್ಟುಕೊಂಡಿದ್ದರೆ ಅದೇನೂ ಸಣ್ಣದಲ್ಲ, ಅಲ್ವಾ?

ಪಶುವೈದ್ಯಕೀಯ, ಕೊನೆಯ ವರ್ಷ

ಒಪ್ಪಿದೆ. ಆದರೆ "ನನ್ನ ದನಿ" ಒಪ್ಪುವುದಿಲ್ಲ.

ಮಹಡಿಮನೆ, ಶಿವಮೊಗ್ಗ

ಅಳೆದೆ. ಬಿಸಿ ಬದಿಯಲ್ಲಿ ನಾರಿನ ಪುಡಿಯ ಮೇಲೆ 25. ಥರ್ಮೋಸ್ಟಾಟ್ ಆಗಲೂ 32 ಎಂದೇ ತೋರಿಸುತ್ತಿತ್ತು. ತಂಪು ಬದಿ 22.

ನೀವು ಹೇಳಿದ್ದು ನಿಜ. ಆ ಬದಿಯ ಪುಡಿ ತೆಳುವಾಗಿ ಮಾಡಿದೆ. ಸೆನ್ಸರ್ ಒಳಗೆ ತಂದು ಹಾವು ಮಲಗುವ ಜಾಗದಲ್ಲೇ ಅಂಟಿಸಿದೆ. ಪೆಟ್ಟಿಗೆಯ ಮೂರು ಬದಿಗೆ ಥರ್ಮಕೋಲ್ ಕಟ್ಟಿದೆ. ಮೇಲಿನಿಂದ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ, ಹಾವು ತಾಗದಂತೆ ಜಾಲರಿ ಕೊಟ್ಟು, ಅದನ್ನೂ ಥರ್ಮೋಸ್ಟಾಟ್‌ಗೆ ಜೋಡಿಸಿದೆ. ಈಗ 32, 26 ಬರುತ್ತಿದೆ. ಉಸಿರು ಸರಿಯಾಗಿದೆ, ಗುಳ್ಳೆ ಗಿಳ್ಳೆ ಏನೂ ಇಲ್ಲ.

ಪರಿಣಾಮ ಏನೆಂದರೆ ಹಾವು ಮತ್ತೆ ಮೇ ತಿಂಗಳಿಗೆ ಹೋಗಿದೆ! ರಾತ್ರಿಯೆಲ್ಲ ಪೆಟ್ಟಿಗೆಯಲ್ಲಿ ಸುತ್ತುತ್ತದೆ. ಮುಚ್ಚಳ ತೆಗೆದರೆ ಬುಸುಗುಟ್ಟುತ್ತದೆ. ಅಮ್ಮ "ಮೊದಲೇ ಚೆನ್ನಾಗಿತ್ತು, ಏನು ಮಾಡಿದೆ ಅದಕ್ಕೆ" ಎಂದು ಬೈಯುತ್ತಿದ್ದಾರೆ.

ಕೊಪ್ಪದ ಕಾಫಿ

ಅಮ್ಮನಿಗೆ ಹೇಳಿ, ಈಗಲೇ ಅದು ಚೆನ್ನಾಗಿರುವುದು. ಇಲ್ಲಿಂದ ಮುಂದೆ ನೀವು ಕೈಗೆ ರೂಢಿ ಮಾಡಿಸಿದರೆ ಆ ರೂಢಿಗೆ ಬೆಲೆ.

ಮೊದಲು ಅದು ಊಟಕ್ಕೆ ಮರಳಲಿ. ಅಲ್ಲಿಯವರೆಗೆ ನೀರು ಬದಲಾಯಿಸುವುದು ಬಿಟ್ಟು ಬೇರೆ ಏನೂ ಬೇಡ. ಗಂಡು ಬಾಲ್ ಪೈಥಾನ್ ಶಾಖ ಸರಿಯಿದ್ದರೂ ಕೆಲವು ಕಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡುವುದುಂಟು. ತೂಕ ಇಳಿಯದಿದ್ದರೆ ಗಾಬರಿ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತಕ್ಕಡಿ ಅಮ್ಮನದ್ದಾದರೆ ಬೇರೆ ಕೊಳ್ಳಿ.

ಊಟ ಮಾಡಿದ ಮೇಲೆ ಎರಡು ದಿನ ಮುಟ್ಟಬೇಡಿ. ಆಮೇಲೆ ಎತ್ತುವಾಗ ಹೀಗೆ ಮಾಡಿ. ಪೇಪರನ್ನು ಸುರುಳಿ ಸುತ್ತಿ, ಅದರಿಂದ ಹಾವಿನ ಮೈಯ ಮಧ್ಯಭಾಗವನ್ನು ಮೆತ್ತಗೆ ಮುಟ್ಟಿ. ಊಟ ಬರುವಾಗ ಹೀಗೆ ಯಾರೂ ಮುಟ್ಟುವುದಿಲ್ಲ, ಈ ಮುಟ್ಟುವಿಕೆ ಬಂದರೆ ಊಟ ಇಲ್ಲ ಎಂದು ಅದು ಕೆಲವು ವಾರಗಳಲ್ಲಿ ಕಲಿಯುತ್ತದೆ. ಕಲಿತ ಹಾವಿನಲ್ಲಿ ಬದಲಾವಣೆ ಕಣ್ಣಿಗೆ ಕಾಣುತ್ತದೆ. ನೆಟ್ಟಿದ್ದ ತಲೆ ಇಳಿಯುತ್ತದೆ, ನಾಲಿಗೆ ಹೊರಗೆ ಬರುತ್ತದೆ. ಆಗ ಪಕ್ಕದಿಂದ, ಮೈ ಕೆಳಗೆ ಕೈ ತೂರಿಸಿ ಎತ್ತಿ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ಕಾಲು. ತಡವರಿಸಬೇಡಿ. ಕೈ ಮುಂದೆ ಹೋಗಿ ಹಿಂದೆ ಬಂದು ಮಾಡಿದರೆ ಇನ್ನಷ್ಟು ಹೆದರುತ್ತದೆ.

ಕೈಯಲ್ಲಿ ಹಿಡಿಯಬೇಡಿ, ಆಧಾರ ಕೊಡಿ. ಎರಡು ಕಡೆ ಆಧಾರ ಇರಲಿ. ತಲೆಯ ಹತ್ತಿರ ಬೆರಳು ಬೇಡ, ಬಹಳ ಬಾಲ್ ಪೈಥಾನ್‌ಗಳು ಜೀವನವಿಡೀ ತಲೆ ಮುಟ್ಟಿಸಿಕೊಳ್ಳುವುದಿಲ್ಲ, ಅದು ಅದರ ಹಕ್ಕು. ನೆಲದ ಮೇಲೆ ಕೂತು ಮಾಡಿ, ಬಿದ್ದರೂ ಪೆಟ್ಟಾಗುವುದಿಲ್ಲ. ಹತ್ತು ನಿಮಿಷ ಸಾಕು, ವಾರಕ್ಕೆ ಒಂದೆರಡು ಸಲ. ಇನ್ನೂ ಚೆನ್ನಾಗಿರುವಾಗಲೇ ವಾಪಸ್ ಬಿಡಿ.

ಬುಸುಗುಟ್ಟಿದ ತಕ್ಷಣ ಒಳಗೆ ಬಿಡಬೇಕಾ ಎಂದು ಕೆಲವರು ಕೇಳುತ್ತಾರೆ. ಬೇಡ. ಅಲುಗಾಡದೆ ಕಾಯಿರಿ. ಅದು ಸಡಿಲಾಗಿ ನಾಲಿಗೆ ಆಡಿಸಿದ ಮೇಲೆ ಬಿಡಿ. ಆದರೆ ಹೊಡೆಯಲು ಸಿದ್ಧವಾದ ಹಾವಿನ ಜೊತೆ ಹಟ ಬೇಡ. ಈ ಎರಡರ ನಡುವಿನ ಗೆರೆ ನಿಮ್ಮ ಹಾವಿನದ್ದು, ನಾನು ಕೊಪ್ಪದಲ್ಲಿ ಕೂತು ಎಳೆಯಲು ಆಗುವುದಿಲ್ಲ.

ಸಾಗರದ ಸೊಸೆ

ಮನೆಯಲ್ಲಿ ಮಕ್ಕಳಿದ್ದರೆ? ತಮ್ಮನ ಮನೆಗೆ ಹೋದರೆ ನನ್ನ ಮಗ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತೇನೆ ಎಂದು ಹಟ ಹಿಡಿಯುತ್ತಾನೆ.

ಪಶುವೈದ್ಯಕೀಯ, ಕೊನೆಯ ವರ್ಷ

ಕೊರಳಿಗೆ ಬೇಡವೇ ಬೇಡ. ದೊಡ್ಡವರು ಹಾವಿನ ಮುಂಭಾಗಕ್ಕೆ ಆಧಾರ ಕೊಡಲಿ, ಮಗು ಕೂತುಕೊಂಡು ಮಧ್ಯಭಾಗಕ್ಕೆ ಅಂಗೈ ಕೊಡಲಿ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಹಾವಿಗೆ ಏನೂ ಆಗಿರುವುದಿಲ್ಲ, ಮಕ್ಕಳಿಗೆ ಭೇದಿ ಹಿಡಿಯುತ್ತದೆ. ಐದು ವರ್ಷದೊಳಗಿನ ಮಕ್ಕಳನ್ನು ದೂರ ಇಡಿ. ಮುಟ್ಟುವ ಮೊದಲೂ ಕೈ ತೊಳೆಯಿರಿ, ಬಂಗುಡೆ ತಿಂದ ಕೈ ಹಾವಿಗೆ ಊಟದ ಕೈ.

ಹೊಸನಗರ ಮಳೆ

ಕರೆಂಟು ಹೋದಾಗ ಏನು ಮಾಡುತ್ತೀರಿ ಎಲ್ಲರೂ? ನಮ್ಮಲ್ಲಿ ಮರ ಬಿದ್ದರೆ ಎರಡು ದಿನ ಕತ್ತಲು. ನನಗೂ ಒಂದು ಸಾಕುವ ಆಸೆ ಇದೆ, ಇದೊಂದೇ ಅಡ್ಡ.

ಕೊಪ್ಪದ ಕಾಫಿ

ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಬದಿಯಲ್ಲಿ ಇಡಿ. ಹಾವು ಬೇಕೆಂದರೆ ಹತ್ತಿರ ಬರುತ್ತದೆ, ಬೇಡವೆಂದರೆ ದೂರ ಹೋಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ನೀರು ಬದಲಾಯಿಸಬೇಕು. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಸ್ವಲ್ಪ ಜಾಗ ಬಿಡಿ. ಬಚ್ಚಲ ಒಲೆ ಇರುವ ಮನೆಗಳಿಗೆ ಬಿಸಿನೀರಿನ ಚಿಂತೆ ಇಲ್ಲ. ಹೊಗೆ ಇರುವ ಕೋಣೆಗೆ ಮಾತ್ರ ಹಾವನ್ನು ಒಯ್ಯಬೇಡಿ.

ಆದರೆ ಆಸೆಯ ವಿಷಯ ಹೇಳಿದಿರಲ್ಲ, ಅದಕ್ಕೆ ಒಂದು ಮಾತು. ಈ ಹಾವು ಸರಿಯಾಗಿ ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಇಪ್ಪತ್ತು ಮೂವತ್ತು ಮಳೆಗಾಲ. ಇನ್ವರ್ಟರ್ ಬೆಲೆಯನ್ನೂ ಹಾವಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಮಹಡಿಮನೆ, ಶಿವಮೊಗ್ಗ

ಒಂದು ಹೊಸ ವಿಷಯ. ನಿನ್ನೆಯಿಂದ ಮೈ ಬಣ್ಣ ಮಂಕಾಗಿದೆ, ಹೊಟ್ಟೆ ಕೆಳಗೆ ಗುಲಾಬಿ ಬಣ್ಣ. ಇವತ್ತು ಟಾರ್ಚ್ ಬಿಟ್ಟು ನೋಡಿದರೆ ಕಣ್ಣು ಹಾಲು ನೀಲಿ. ಪೊರೆ ಬಿಡುವುದಕ್ಕಾ? ಮುಟ್ಟಬಹುದಾ?

ಪಶುವೈದ್ಯಕೀಯ, ಕೊನೆಯ ವರ್ಷ

ಹೌದು, ಪೊರೆಗೇ. ಈಗ ಅದಕ್ಕೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಚರ್ಮವೂ ಸೂಕ್ಷ್ಮ. ಅತ್ಯಂತ ಸಾಧು ಹಾವೂ ಈ ಸಮಯದಲ್ಲಿ ಹೊಡೆಯಬಹುದು. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಆಗ ಮುಗಿಯಿತು ಎಂದು ಎತ್ತಬೇಡಿ. ಪೊರೆ ಬಿಡುವುದು ಅದಾದ ಮೇಲೆ, ಇನ್ನೂ ಕೆಲವು ದಿನ ಬಿಟ್ಟು. ಒರಟಾದ ಒಂದು ಕಲ್ಲು ಅಥವಾ ಮರದ ತುಂಡು ಒಳಗಿಡಿ, ಮೂತಿ ಉಜ್ಜಲು ಬೇಕು. ಬಿಟ್ಟ ಪೊರೆಯನ್ನು ಬಿಡಿಸಿ ನೋಡಿ, ಕಣ್ಣಿನ ಎರಡು ಪೊರೆ, ಬಾಲದ ತುದಿ ಬಂದಿದೆಯಾ ಅಂತ. ಉಳಿದಿದ್ದರೆ ಕೀಳಬೇಡಿ, ಇಲ್ಲಿ ಫೋಟೋ ಹಾಕಿ.

ಮಹಡಿಮನೆ, ಶಿವಮೊಗ್ಗ

ಸರಿ, ಮುಟ್ಟುವುದಿಲ್ಲ. ತುಂಗಾ ತೀರದವರು ಪೊರೆ ಬೇಕೆಂದರೆ ಹೇಳಿ, ಬಿಟ್ಟಿಯಾಗಿ ಕೊಡುತ್ತೇನೆ.

ತುಂಗಾ ತೀರ

ನಮ್ಮ ಅಟ್ಟದಲ್ಲಿ ಆರಡಿ ಉದ್ದದ್ದೇ ಇದೆ ಮಾರಾಯ್ರೆ. ನಿಮ್ಮ ಮೂರಡಿ ನೀವೇ ಇಟ್ಟುಕೊಳ್ಳಿ.